ಸ್ಪ್ರಿಂಕ್ಲರ್ ಮತ್ತು ಫೈರ್ ಅಲಾರಂ ಕಂಟ್ರಾಕ್ಟರ್‌ಗಳ ಲೈಸೆನ್ಸ್: ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು, ಪೀಣ್ಯ-ಬೊಮ್ಮಸಂದ್ರದ ಕಾರ್ಖಾನೆ ಮಾಲೀಕರು, ಹೊಸದಾಗಿ ಫೈರ್ ಕೆಲಸಕ್ಕೆ ಇಳಿದ ಹುಡುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲಸ ಕೊಡುವವರು, ಮಾಡುವವರು ಇಬ್ಬರೂ ಓದಲಿ ಅಂತ ಬರೆದದ್ದು. ಈ ಕೆಲಸದಲ್ಲೇ ಇರುವವನಾದ್ದರಿಂದ ನನ್ನ ಅಭಿಪ್ರಾಯವನ್ನೂ ಅಲ್ಲಲ್ಲಿ ಹೇಳಿದ್ದೇನೆ.

ಕಂಟ್ರಾಕ್ಟರ್ ಹತ್ತಿರ "ಫೈರ್ ಲೈಸೆನ್ಸ್" ಇದ್ದರೆ ಸಾಕಲ್ವಾ?

ಸಾಲದು. ಒಂದು ಕಾಗದ ತೋರಿಸಿ "ನಮ್ಮದು ಫೈರ್ ಲೈಸೆನ್ಸ್ ಇರುವ ಕಂಪನಿ ಸಾರ್" ಅಂದರೆ, ಅದು ಯಾವ ಕೆಲಸಕ್ಕೆ ಕೊಟ್ಟಿರುವುದು ಅಂತ ಮೊದಲು ಕೇಳಿ. ಒಂದು ಕಟ್ಟಡದ ಫೈರ್ ಸಿಸ್ಟಂನಲ್ಲಿ ನಾಲ್ಕೈದು ಬೇರೆ ಬೇರೆ ಕೆಲಸಗಳು ಸೇರಿಕೊಂಡಿರುತ್ತವೆ. ಪೈಪ್ ಮತ್ತು ಸ್ಪ್ರಿಂಕ್ಲರ್ ಒಂದು. ಪಂಪ್ ಮತ್ತು ಅದರ ವಿದ್ಯುತ್ ಪ್ಯಾನೆಲ್ ಇನ್ನೊಂದು. ಹೊಗೆ, ಬಿಸಿ ಪತ್ತೆ ಮಾಡುವ ಡಿಟೆಕ್ಟರ್, ಕೂಗುವ ಹೂಟರ್, ಅಲಾರಂ ಪ್ಯಾನೆಲ್ ಮತ್ತೊಂದು. ಸರ್ವರ್ ರೂಮ್‌ನ ಗ್ಯಾಸ್ ಸಿಸ್ಟಂ ಬೇರೆಯೇ. ಇವಕ್ಕೆಲ್ಲ ಒಂದೇ ಕಚೇರಿ ಒಂದೇ ಪತ್ರ ಕೊಡುವುದಿಲ್ಲ. ವಿದ್ಯುತ್ ಕೆಲಸಕ್ಕೆ ವಿದ್ಯುತ್ ಪರಿವೀಕ್ಷಣಾಲಯ, ಗ್ಯಾಸ್ ತುಂಬುವುದಕ್ಕೆ ಪೆಸೊ (ಸ್ಫೋಟಕ, ಗ್ಯಾಸ್ ಸಿಲಿಂಡರ್‌ಗಳ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ), ಕಟ್ಟಡದ ಫೈರ್ ಕ್ಲಿಯರೆನ್ಸ್‌ಗೆ ಅಗ್ನಿಶಾಮಕ ಇಲಾಖೆ, ತೆರಿಗೆಗೆ ಜಿಎಸ್‌ಟಿ, ಕೆಲಸಗಾರರ ವಿಷಯಕ್ಕೆ ಕಾರ್ಮಿಕ ಇಲಾಖೆ. ಹಾಗಾಗಿ "ಲೈಸೆನ್ಸ್ ಇದೆಯಾ?" ಅಂತ ಕೇಳಬೇಡಿ. "ಈ ಕೆಲಸವನ್ನು ಯಾರು ಮಾಡುತ್ತಾರೆ, ಅದಕ್ಕೆ ಅವರ ಹತ್ತಿರ ಯಾವ ಪರ್ಮಿಟ್ ಇದೆ?" ಅಂತ ಕೇಳಿ. ಈ ಪುಟದಲ್ಲಿ ಮುಂದೆ ಬರುವ ಉತ್ತರಗಳೆಲ್ಲ ಈ ಒಂದು ಪ್ರಶ್ನೆಯಿಂದಲೇ ಹೊರಡುತ್ತವೆ.

ಫೈರ್ ಎನ್‌ಒಸಿ ಮತ್ತು ಕಂಟ್ರಾಕ್ಟರ್ ಲೈಸೆನ್ಸ್ ಒಂದೇನಾ?

ಅಲ್ಲ. ಇವೆರಡನ್ನೂ ತುಂಬಾ ಜನ ಕಲಸಿಬಿಡುತ್ತಾರೆ. ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಸಿಗುವುದು ಕಟ್ಟಡಕ್ಕೆ. ಎತ್ತರದ ಕಟ್ಟಡ ಕಟ್ಟುವ ಮುಂಚೆ ನಕ್ಷೆ ನೋಡಿ, ಯಾವ ಯಾವ ಫೈರ್ ವ್ಯವಸ್ಥೆ ಇರಬೇಕು ಅಂತ ಷರತ್ತು ಹಾಕಿ ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ ಎನ್‌ಒಸಿ ಕೊಡುತ್ತದೆ. ಕಟ್ಟಿ ಮುಗಿದ ಮೇಲೆ ಅಧಿಕಾರಿಗಳು ಸ್ಥಳಕ್ಕೆ ಬಂದು ನೋಡುತ್ತಾರೆ. ಷರತ್ತಿನಂತೆ ಕೆಲಸ ಆಗಿದ್ದರೆ ಕ್ಲಿಯರೆನ್ಸ್ ಪತ್ರ ಸಿಗುತ್ತದೆ. ಓಸಿಗೆ, ಅಂದರೆ ಕಟ್ಟಡವನ್ನು ಬಳಸಬಹುದು ಅನ್ನುವ ಪತ್ರಕ್ಕೆ, ಅದು ಬೇಕು. ಈ ಕೆಲಸಕ್ಕೆ ಆಧಾರ 1964ರ ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆ. ಏನೇನು ಇರಬೇಕು ಅನ್ನುವ ವಿವರ ಬಹುಪಾಲು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 4ನೇ ಭಾಗದಿಂದ ಬರುತ್ತದೆ.

"ನಾವು ಮಾಡಿದ ಇಷ್ಟು ಕಟ್ಟಡಗಳಿಗೆ ಎನ್‌ಒಸಿ ಬಂದಿದೆ" ಅಂತ ಕಂಟ್ರಾಕ್ಟರ್ ಹೇಳಿದರೆ ಅದು ಅವರ ಅನುಭವಕ್ಕೆ ಸಾಕ್ಷಿ. ಒಳ್ಳೆಯದೇ. ಆದರೆ ಅದನ್ನು ಅವರ ಲೈಸೆನ್ಸ್ ಅಂತ ತಿಳಿಯಬೇಡಿ.

ಫೈರ್ ಅಲಾರಂ ಬರೀ 24 ವೋಲ್ಟ್ ಅಲ್ವಾ? ಅದಕ್ಕೂ ಎಲೆಕ್ಟ್ರಿಕಲ್ ಲೈಸೆನ್ಸ್ ಬೇಕಾ?

ಡಿಟೆಕ್ಟರ್ ಲೂಪ್‌ನಲ್ಲಿ ಓಡುವುದು ಕಡಿಮೆ ವೋಲ್ಟೇಜ್, ನಿಜ. ಆದರೆ ಆ ಪ್ಯಾನೆಲ್‌ಗೆ ಕರೆಂಟ್ ಬರುವುದು 230 ವೋಲ್ಟ್‌ನಿಂದ. ಫೈರ್ ಪಂಪ್‌ಗೆ ಹೋಗುವುದು ಮೂರು ಫೇಸ್‌ನ 415 ವೋಲ್ಟ್. ಅಲಾರಂ ಹೊಡೆದಾಗ ಲಿಫ್ಟ್ ಕೆಳಗಿಳಿಯಬೇಕು, ಎಸಿಯ ಗಾಳಿ ನಿಲ್ಲಬೇಕು, ಮೆಟ್ಟಿಲಿಗೆ ಹೊಗೆ ನುಗ್ಗದಂತೆ ಗಾಳಿ ತುಂಬುವ ಪ್ರೆಶರೈಸೇಶನ್ ಫ್ಯಾನ್ ಶುರುವಾಗಬೇಕು. ಇವೆಲ್ಲಕ್ಕೂ ಅಲಾರಂನವರ ವೈರ್ ಹೋಗಿ ಕಟ್ಟಡದ ವಿದ್ಯುತ್ ಪ್ಯಾನೆಲ್‌ಗಳಿಗೆ ಸೇರುತ್ತದೆ. ಅಲ್ಲಿ ಕೈ ಹಾಕುವವರಿಗೆ ಪರ್ಮಿಟ್ ಇರಲೇಬೇಕು.

ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳ ಪ್ರಕಾರ ವಿದ್ಯುತ್ ಅಳವಡಿಕೆ ಕೆಲಸವನ್ನು ರಾಜ್ಯ ಸರ್ಕಾರದ ಲೈಸೆನ್ಸ್ ಪಡೆದ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಮಾಡಬೇಕು. ಮೇಲ್ವಿಚಾರಣೆಗೆ ಸೂಪರ್‌ವೈಸರ್ ಪರ್ಮಿಟ್ ಇರುವವರು ಇರಬೇಕು. ಬಲ್ಬು, ಫ್ಯೂಸು ಬದಲಾಯಿಸುವಂಥ ಸಣ್ಣ ಕೆಲಸಕ್ಕೆ ವಿನಾಯಿತಿ ಇದೆ. ಕರ್ನಾಟಕದಲ್ಲಿ ಈ ಲೈಸೆನ್ಸ್, ಸೂಪರ್‌ವೈಸರ್ ಪರ್ಮಿಟ್, ವೈರ್‌ಮನ್ ಪರ್ಮಿಟ್ ಎಲ್ಲವೂ ವಿದ್ಯುತ್ ಪರಿವೀಕ್ಷಣಾಲಯದಿಂದ ಬರುತ್ತವೆ. ಕಂಟ್ರಾಕ್ಟರ್ ಲೈಸೆನ್ಸ್‌ನಲ್ಲಿ ದರ್ಜೆಗಳಿವೆ. ಯಾವ ದರ್ಜೆಯವರು ಎಷ್ಟರ ಮಟ್ಟಿನ ಕೆಲಸ ಹಿಡಿಯಬಹುದು ಅನ್ನುವುದಕ್ಕೆ ಮಿತಿ ಇದೆ. ಅದಕ್ಕೇ ಪತ್ರದ ಮೊದಲ ಪುಟ ನೋಡಿ ಮಡಚಿಡಬೇಡಿ. ದರ್ಜೆ ಯಾವುದು, ಅವಧಿ ಯಾವಾಗ ಮುಗಿಯುತ್ತದೆ, ಸೂಪರ್‌ವೈಸರ್ ಹೆಸರು ಯಾರದು ಅಂತ ಓದಿ.

ಇನ್ನೊಂದು ವಿಷಯ. 15 ಮೀಟರ್‌ಗಿಂತ ಎತ್ತರದ ಕಟ್ಟಡಗಳ ವಿದ್ಯುತ್ ಅಳವಡಿಕೆ ವಿದ್ಯುತ್ ಪರಿವೀಕ್ಷಕರ ತಪಾಸಣೆಗೆ ಬರುತ್ತದೆ. ಫೈರ್ ಪಂಪ್‌ನ ಫೀಡರ್ ಕೂಡ ಅದರೊಳಗೇ ಇದೆ. ಪಂಪ್‌ಗೆ ಬೇರೆಯೇ ಲೈನ್ ಇರಬೇಕು. ಬೆಂಕಿ ಬಿದ್ದಾಗ ಯಾರೋ ಗಾಬರಿಯಲ್ಲಿ ಕಟ್ಟಡದ ಮೇನ್ ಆಫ್ ಮಾಡುತ್ತಾರೆ. ಆಗಲೂ ಫೈರ್ ಪಂಪ್ ಓಡುತ್ತಿರಬೇಕು. ಪಂಪ್ ರೂಮ್‌ನಲ್ಲಿ ಈ ಲೈನನ್ನು ಪಕ್ಕದ ಲೈಟಿಂಗ್ ಡಿಬಿಯಿಂದ (ದೀಪಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆಯಿಂದ) ಎಳೆದಿರುವುದು ಕಣ್ಣಿಗೆ ಬಿದ್ದರೆ, ಆ ಕೆಲಸ ಪರ್ಮಿಟ್ ಇರುವವರು ಮಾಡಿದ್ದಲ್ಲ ಅಂತ ಅರ್ಧ ಅಲ್ಲೇ ಗೊತ್ತಾಗುತ್ತದೆ.

ಸ್ಪ್ರಿಂಕ್ಲರ್ ಪೈಪ್ ಕೆಲಸವನ್ನು ನಮ್ಮ ಕಟ್ಟಡದ ಪ್ಲಂಬರ್ ಮಾಡಬಹುದಾ?

ಪೈಪ್ ಜೋಡಿಸುವುದು ಪ್ಲಂಬರ್‌ಗೆ ಬರುತ್ತದೆ. ಯಾವ ಪೈಪ್, ಎಷ್ಟು ದಪ್ಪ, ಎಷ್ಟು ದೂರಕ್ಕೆ ಒಂದು ಹೆಡ್ (ನೀರು ಚಿಮ್ಮುವ ತುದಿ) ಅನ್ನುವುದು ಬೇರೆ ಲೆಕ್ಕ. ಸ್ಪ್ರಿಂಕ್ಲರ್‌ಗೆ ಭಾರತೀಯ ಮಾನಕ ಐಎಸ್ 15105. ಅದರಲ್ಲಿ ಜಾಗದ ಅಪಾಯದ ಮಟ್ಟ ನೋಡಿ ಲೆಕ್ಕ ಹಾಕುತ್ತಾರೆ. ಆಫೀಸಿನಂಥ ಕಡಿಮೆ ಅಪಾಯದ ಜಾಗದಲ್ಲಿ ಒಂದು ಹೆಡ್ ಹೆಚ್ಚೆಂದರೆ 21 ಚದರ ಮೀಟರ್ ನೋಡಿಕೊಳ್ಳಬಹುದು. ಮಧ್ಯಮ ಅಪಾಯದ ಕಡೆ, ಅಂದರೆ ಗಾರ್ಮೆಂಟ್ಸ್‌ನಂಥ ಕಾರ್ಖಾನೆಯಲ್ಲಿ, 12 ಚದರ ಮೀಟರ್. ಜಾಸ್ತಿ ಅಪಾಯದ ಕಡೆ 9. ಆಫೀಸಿಗೆ ಅಂತ ಹಾಕಿದ ಫ್ಲೋರ್‌ನಲ್ಲಿ ನಾಳೆ ಫೋಮ್ ಹಾಸಿಗೆಯ ಗೋದಾಮು ಮಾಡಿದರೆ, ಅದೇ ಪೈಪು, ಅದೇ ಪಂಪು ಸಾಲುವುದಿಲ್ಲ. ಈ ಮಾತನ್ನು ಹೇಳಬಲ್ಲವರು ನಿಮ್ಮ ಕಂಟ್ರಾಕ್ಟರ್ ಕಡೆ ಒಬ್ಬರಾದರೂ ಇರಬೇಕು.

ಹೆಡ್‌ನ ಗಾಜಿನ ಬಲ್ಬ್‌ಗೂ ಅರ್ಥ ಇದೆ. ಕೆಂಪು ಬಣ್ಣದ್ದು 68 ಡಿಗ್ರಿಗೆ ಒಡೆಯುತ್ತದೆ. ಹಳದಿ 79ಕ್ಕೆ, ಹಸಿರು 93ಕ್ಕೆ. ಅಡುಗೆಮನೆ, ಬಾಯ್ಲರ್ ರೂಮ್‌ನಂಥ ಬಿಸಿ ಜಾಗಕ್ಕೆ ಕೆಂಪು ಬಲ್ಬ್ ಹಾಕಿದರೆ ಸುಮ್‌ಸುಮ್ನೆ ಒಡೆದು ನೀರು ಸುರಿಯುತ್ತದೆ. "ಒಂದು ಕಡೆ ಬೆಂಕಿ ಬಿದ್ದರೆ ಎಲ್ಲಾ ಸ್ಪ್ರಿಂಕ್ಲರ್ ಒಟ್ಟಿಗೆ ಸುರಿದು ಆಫೀಸು ಹಾಳಾಗುತ್ತದಾ?" ಅಂತಲೂ ಕೇಳುತ್ತಾರೆ. ಮಾಮೂಲಿ ಸಿಸ್ಟಂನಲ್ಲಿ ಇಲ್ಲ. ಬಿಸಿ ತಾಗಿದ ಹೆಡ್ ಮಾತ್ರ ತೆರೆದುಕೊಳ್ಳುತ್ತದೆ.

ಪೈಪ್ ಜೋಡಿಸಿದ ಮೇಲೆ ಪ್ರೆಶರ್ ಟೆಸ್ಟ್ ಆಗಬೇಕು. ಅಮೆರಿಕದ ಎನ್‌ಎಫ್‌ಪಿಎ 13 ಮಾನಕದಲ್ಲಿ 200 ಪಿಎಸ್‌ಐ ಒತ್ತಡದಲ್ಲಿ 2 ಗಂಟೆ ನಿಲ್ಲಿಸಿ ನೋಡುತ್ತಾರೆ. ಇಲ್ಲಿನ ದೊಡ್ಡ ಐಟಿ ಪಾರ್ಕ್‌ಗಳ ಟೆಂಡರ್‌ನಲ್ಲಿ ಇದನ್ನೇ ಕೇಳುವುದು ಜಾಸ್ತಿ. ಪ್ಲಂಬರ್‌ಗೆ ಕೆಲಸ ಕೊಡಲೇಬೇಡಿ ಅನ್ನುತ್ತಿಲ್ಲ. ಒಳ್ಳೆಯ ಪ್ಲಂಬರ್, ವೆಲ್ಡರ್ ಇಲ್ಲದೆ ಯಾವ ಸಿಸ್ಟಂ ಕೂಡ ನಿಲ್ಲುವುದಿಲ್ಲ. ಅವರ ಮೇಲೆ ಡ್ರಾಯಿಂಗ್ ಓದಿ, ಲೆಕ್ಕ ಹಾಕಿ, ಟೆಸ್ಟ್ ಮಾಡಿ ಸಹಿ ಹಾಕುವವರು ಬೇಕು, ಅಷ್ಟೆ.

ಅಲಾರಂಗೂ ಹೀಗೇ ಮಾನಕ ಇದೆಯಾ?

ಇದೆ, ಐಎಸ್ 2189. ಡಿಟೆಕ್ಟರ್ ಆರಿಸುವುದು, ಕೂರಿಸುವುದು, ನಿರ್ವಹಣೆ ಮೂರೂ ಅದರಲ್ಲಿವೆ. ಕೈಯಲ್ಲಿ ಹಿಡಿಯುವ ಎಕ್ಸ್‌ಟಿಂಗ್ವಿಷರ್‌ಗಳಿಗೆ ಐಎಸ್ 2190. ಕಟ್ಟಡದ ಒಳಗಿನ ಹೈಡ್ರಂಟ್ ಮತ್ತು ಹೋಸ್ ರೀಲ್‌ಗೆ ಐಎಸ್ 3844. ಕೊಟೇಶನ್‌ನಲ್ಲಿ ಈ ಸಂಖ್ಯೆಗಳನ್ನು ಬರೆಸಿಕೊಳ್ಳಿ. ಆಮೇಲೆ ಜಗಳ ಬಂದರೆ ಯಾವ ಮಾನಕದ ಪ್ರಕಾರ ಅಳೆಯಬೇಕು ಅಂತ ಇಬ್ಬರಿಗೂ ಗೊತ್ತಿರುತ್ತದೆ.

ಆಫೀಸ್ ಇಂಟೀರಿಯರ್ ಮಾಡಿಸುತ್ತಿದ್ದೇವೆ. ಇಂಟೀರಿಯರ್‌ನವರೇ ನಾಲ್ಕು ಸ್ಪ್ರಿಂಕ್ಲರ್ ಸರಿಸಿಕೊಡುತ್ತೀವಿ ಅಂತಾರೆ. ಪರವಾಗಿಲ್ವಾ?

ಬೇಡ. ಬೆಂಗಳೂರಿನಲ್ಲಿ ಫೈರ್ ಸಿಸ್ಟಂ ಹಾಳಾಗುವುದು ಕಟ್ಟುವಾಗ ಅಲ್ಲ, ಬಾಡಿಗೆದಾರರು ಬದಲಾದಾಗ. ಇದು ನನ್ನ ಗಟ್ಟಿ ಅಭಿಪ್ರಾಯ. ಹೊರ ವರ್ತುಲ ರಸ್ತೆ, ವೈಟ್‌ಫೀಲ್ಡ್ ಕಡೆಯ ಯಾವುದೇ ಕಟ್ಟಡ ನೋಡಿ. ಹಳೆ ಕಂಪನಿ ಖಾಲಿ ಮಾಡುತ್ತದೆ, ಹೊಸ ಕಂಪನಿ ಬರುತ್ತದೆ, ಹೊಸ ಕ್ಯಾಬಿನ್, ಹೊಸ ಫಾಲ್ಸ್ ಸೀಲಿಂಗ್. ಗೋಡೆ ಎಲ್ಲಿ ಬಂತೋ ಅಲ್ಲಿ ನೀರಿನ ದಾರಿ ಕಟ್ ಆಗುತ್ತದೆ. ಒಂದು ಕ್ಯಾಬಿನ್‌ಗೆ ಹೆಡ್ಡೇ ಇರುವುದಿಲ್ಲ, ಪಕ್ಕದ್ದಕ್ಕೆ ಎರಡು. ಫಾಲ್ಸ್ ಸೀಲಿಂಗ್ ಮೇಲೆ 800 ಮಿಲಿಮೀಟರ್‌ಗಿಂತ ಜಾಸ್ತಿ ಖಾಲಿ ಜಾಗ ಉಳಿದರೆ ಅಲ್ಲಿಗೂ ಸ್ಪ್ರಿಂಕ್ಲರ್ ಮತ್ತು ಡಿಟೆಕ್ಟರ್ ಬೇಕು. ಇಂಟೀರಿಯರ್‌ನವರ ಡ್ರಾಯಿಂಗ್‌ನಲ್ಲಿ ಆ ಜಾಗ ಕಾಣಿಸುವುದೇ ಇಲ್ಲ.

ಪೇಂಟರ್‌ಗಳ ಬಗ್ಗೆಯೂ ಎಚ್ಚರ ಬೇಕು. ಸೀಲಿಂಗ್‌ಗೆ ಸ್ಪ್ರೇ ಹೊಡೆಯುವಾಗ ಹೆಡ್ ಮೇಲೂ ಬಿಳಿ ಬಣ್ಣ ಕೂರುತ್ತದೆ. ಕೆಳಗೆ ನಿಂತು ನೋಡಿದರೆ ಬಲ್ಬಿನ ಕೆಂಪು ಕಾಣಿಸಬೇಕು. ಕಾಣಿಸದಿದ್ದರೆ ಆ ಹೆಡ್ ಕೆಟ್ಟಿತು ಅಂತಲೇ ಲೆಕ್ಕ. ಥಿನ್ನರ್ ಹಾಕಿ ಒರೆಸಿದರೆ ಸರಿಹೋಗುವುದಿಲ್ಲ, ಹೊಸ ಹೆಡ್ಡೇ ಹಾಕಬೇಕು. ಕೆಲಸ ನಡೆಯುವಾಗ ಧೂಳು ಹೋಗದಿರಲಿ ಅಂತ ಡಿಟೆಕ್ಟರ್‌ಗೆ ಕಟ್ಟಿದ ಪ್ಲಾಸ್ಟಿಕ್ ಕವರ್, ಆಫೀಸ್ ಓಪನ್ ಆದ ಮೇಲೂ ಹಾಗೇ ಉಳಿದಿರುವುದು ಎಷ್ಟೋ ಕಡೆ ಸಿಗುತ್ತದೆ.

ಸರಿಸುವ ಕೆಲಸವನ್ನು ಕಟ್ಟಡದ ಫೈರ್ ಕಂಟ್ರಾಕ್ಟರ್ ಕೈಲೇ ಮಾಡಿಸಿ. ಕಟ್ಟಡದ ಮಾಲೀಕರ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ. ವಾಲ್ವ್ ಮುಚ್ಚಿದ ಹೊತ್ತು, ಮತ್ತೆ ತೆರೆದ ಹೊತ್ತು ರಿಜಿಸ್ಟರ್‌ನಲ್ಲಿ ಬರೆಸಿ.

ಎಕ್ಸ್‌ಟಿಂಗ್ವಿಷರ್ ರೀಫಿಲ್, ಸರ್ವರ್ ರೂಮ್ ಗ್ಯಾಸ್ ಸಿಸ್ಟಂಗೆ ಯಾರು ಬೇಕು?

ಒತ್ತಡದ ಗ್ಯಾಸ್ ತುಂಬುವ ಸಿಲಿಂಡರ್‌ಗಳು 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಕೆಳಗೆ ಬರುತ್ತವೆ. ಅದನ್ನು ನೋಡಿಕೊಳ್ಳುವುದು ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ. ಕಾರ್ಬನ್ ಡೈ ಆಕ್ಸೈಡ್ ಅಥವಾ ಸರ್ವರ್ ರೂಮ್‌ನ ಗ್ಯಾಸ್ ಎಲ್ಲಿ ತುಂಬಿಸುತ್ತೀರಿ, ಆ ಜಾಗಕ್ಕೆ ಪೆಸೊ ಲೈಸೆನ್ಸ್ ಇದೆಯಾ ಅಂತ ಕೇಳಿ. ಎಕ್ಸ್‌ಟಿಂಗ್ವಿಷರ್ ಮೇಲೆ ಐಎಸ್‌ಐ ಗುರುತು ಇರಬೇಕು. ಬರೀ ಹೊಸ ಸ್ಟಿಕರ್ ಅಂಟಿಸಿ "ರೀಫಿಲ್ ಆಯ್ತು" ಅನ್ನುವವರೂ ಇದ್ದಾರೆ. ಸಿಲಿಂಡರ್ ತೂಕ ನಿಮ್ಮ ಎದುರೇ ಆಗಲಿ.

ನಾನು ಹೊಸದಾಗಿ ಫೈರ್ ಕಂಟ್ರಾಕ್ಟ್ ಶುರು ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಮೊದಲು ಜನ ಸೇರಿಸಿ, ಆಮೇಲೆ ಕಾಗದ. ಒಬ್ಬ ಎಲೆಕ್ಟ್ರಿಕಲ್ ಸೂಪರ್‌ವೈಸರ್, ಒಬ್ಬ ಡ್ರಾಯಿಂಗ್ ಬಲ್ಲವರು, ಒಬ್ಬ ಒಳ್ಳೆಯ ಫಿಟ್ಟರ್. ಇವರಿಲ್ಲದೆ ವಿಸಿಟಿಂಗ್ ಕಾರ್ಡ್ ಪ್ರಿಂಟ್ ಮಾಡಿಸಿ ಪ್ರಯೋಜನ ಇಲ್ಲ.

ಕಾಗದದ ವಿಷಯಕ್ಕೆ ಬಂದರೆ, ಪ್ರೊಪ್ರೈಟರ್, ಪಾಲುದಾರಿಕೆ ಅಥವಾ ಪ್ರೈವೇಟ್ ಲಿಮಿಟೆಡ್ ಯಾವುದಾದರೂ ಒಂದು ರೂಪ ಇರಲಿ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ನೋಂದಣಿ ಮಾಡಿಸಿ. ಸಾಮಾನು ಹಾಕಿ ಕೂರಿಸಿಕೊಡುವ ಕೆಲಸ ಜಿಎಸ್‌ಟಿಯಲ್ಲಿ ವರ್ಕ್ಸ್ ಕಾಂಟ್ರ್ಯಾಕ್ಟ್, ಅಂದರೆ ಸೇವೆ ಅಂತ ಲೆಕ್ಕ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಆದರೆ ದೊಡ್ಡ ಗಿರಾಕಿಗಳು ಜಿಎಸ್‌ಟಿ ಇಲ್ಲದವರಿಗೆ ಎನ್‌ಕ್ವೈರಿ ಕೂಡ ಕಳಿಸುವುದಿಲ್ಲ. ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಲೈಸೆನ್ಸ್ ನಿಮ್ಮ ಹೆಸರಲ್ಲೇ ತೆಗೆಯುವುದಾದರೆ ಸೂಪರ್‌ವೈಸರ್ ಜೊತೆಗೆ ಇನ್ಸುಲೇಶನ್ ಮೆಗ್ಗರ್, ಅರ್ತ್ ಟೆಸ್ಟರ್‌ನಂಥ ಉಪಕರಣಗಳೂ ನಿಮ್ಮ ಹತ್ತಿರ ಇರಬೇಕು.

10 ಜನ ಕೆಲಸಗಾರರಾದರೆ ಇಎಸ್‌ಐ, 20 ಆದರೆ ಪಿಎಫ್. ಗುತ್ತಿಗೆ ಕಾರ್ಮಿಕರ ಲೈಸೆನ್ಸ್ ವಿಷಯದಲ್ಲಿ ಹಳೇ 20 ಜನರ ಲೆಕ್ಕ ಹಿಡಿದು ಕೂರಬೇಡಿ. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಅದರಲ್ಲಿ ಆ ಸಂಖ್ಯೆ 50. ನಿಮ್ಮ ಆಡಿಟರ್ ಹತ್ತಿರ ಕೂತು ಇದನ್ನು ಸರಿಮಾಡಿಕೊಳ್ಳಿ. ಎತ್ತರದಲ್ಲಿ, ಏಣಿ ಮೇಲೆ, ಸ್ಕಾಫೋಲ್ಡಿಂಗ್ ಮೇಲೆ ನಿಂತು ಮಾಡುವ ಕೆಲಸ ಇದು. ಹುಡುಗರಿಗೆ ವಿಮೆ ಮಾಡಿಸದೆ ಒಂದು ದಿನವೂ ಸೈಟಿಗೆ ಕಳಿಸಬೇಡಿ.

ಸರ್ಕಾರಿ ಕೆಲಸ ಹಿಡಿಯಬೇಕಾದರೆ?

ಅದಕ್ಕೆ ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರ ನೋಂದಣಿ ಕೇಳುತ್ತಾರೆ. ಟೆಂಡರ್‌ಗಳು 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಇ-ಸಂಗ್ರಹಣೆ ಪೋರ್ಟಲ್‌ನಲ್ಲಿ ಬರುತ್ತವೆ. ಎಲೆಕ್ಟ್ರಿಕಲ್ ಭಾಗಕ್ಕೆ ಎಲೆಕ್ಟ್ರಿಕಲ್ ಲೈಸೆನ್ಸ್ ಬೇರೆಯಾಗಿ ಬೇಕು. ಟೆಂಡರ್‌ನ ಅರ್ಹತೆಯ ಪುಟವನ್ನು ಮೊದಲು ಓದಿ, ಆಮೇಲೆ ಠೇವಣಿ ಹಣ ಹೊಂದಿಸಿ.

ಐಎಸ್‌ಒ ಸರ್ಟಿಫಿಕೇಟ್, ಉದ್ಯಮ್ ನೋಂದಣಿ, ಟ್ರೇಡ್ ಲೈಸೆನ್ಸ್ ಇದ್ದರೆ ಆಗಲ್ವಾ?

ಇವು ಯಾವುದೂ ಫೈರ್ ಕೆಲಸ ಬರುತ್ತದೆ ಅಂತ ಹೇಳುವುದಿಲ್ಲ. ಉದ್ಯಮ್ ನೋಂದಣಿ ಉಚಿತವಾಗಿ ಆನ್‌ಲೈನ್‌ನಲ್ಲಿ ಯಾವ ಸಣ್ಣ ಉದ್ಯಮಕ್ಕೂ ಸಿಗುತ್ತದೆ. ಟ್ರೇಡ್ ಲೈಸೆನ್ಸ್ ಪಾಲಿಕೆ ಕೊಡುವುದು, ಆ ಜಾಗದಲ್ಲಿ ವ್ಯಾಪಾರ ನಡೆಸಲು. ಐಎಸ್‌ಒ 9001 ಆಫೀಸಿನ ಕೆಲಸದ ಕ್ರಮಕ್ಕೆ. ಫೈಲ್ ದಪ್ಪ ಇದೆ ಅಂತ ಮರುಳಾಗಬೇಡಿ.

ಮುಂಬೈನ ಕಂಪನಿಯೊಂದು "ನಮ್ಮದು ಸರ್ಕಾರದ ಲೈಸೆನ್ಸ್ಡ್ ಏಜೆನ್ಸಿ" ಅನ್ನುತ್ತಿದೆ. ಇಲ್ಲಿ ನಡೆಯುತ್ತಾ?

ಮಹಾರಾಷ್ಟ್ರದಲ್ಲಿ 2006ರ ಅಗ್ನಿ ತಡೆ ಮತ್ತು ಜೀವ ಸುರಕ್ಷತಾ ಕಾಯ್ದೆ ಇದೆ. ಅಲ್ಲಿ ಲೈಸೆನ್ಸ್ಡ್ ಏಜೆನ್ಸಿಗಳೇ ಸಿಸ್ಟಂ ಅಳವಡಿಸಬೇಕು, ಅವುಗಳೇ ನಿರ್ವಹಣೆಯ ಸರ್ಟಿಫಿಕೇಟ್ ಕೊಡಬೇಕು. ಕಟ್ಟಡದವರು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈನಲ್ಲಿ, ಬಿ ನಮೂನೆಯ ಸರ್ಟಿಫಿಕೇಟ್ ಸಲ್ಲಿಸುತ್ತಾರೆ. ಅದು ಒಳ್ಳೆಯ ಪದ್ಧತಿ. ಆರು ತಿಂಗಳಿಗೊಮ್ಮೆ ಒಬ್ಬರು ಹೆಸರು ಹಾಕಿ ಹೊಣೆ ಹೊರಬೇಕು ಅನ್ನುವುದು ನನಗೆ ತುಂಬಾ ಇಷ್ಟ. ಆದರೆ ಆ ಲೈಸೆನ್ಸ್ ಆ ರಾಜ್ಯದ ಕಾಯ್ದೆಯಿಂದ ಬಂದದ್ದು. ಇಲ್ಲಿ ಅದನ್ನು ಅನುಭವ ಅಂತ ಪರಿಗಣಿಸಿ. ಎಲೆಕ್ಟ್ರಿಕಲ್ ಕೆಲಸಕ್ಕೆ ಇಲ್ಲಿನ ಪರ್ಮಿಟ್ ಕೇಳಿ.

ಹೊರದೇಶದ್ದೂ ಹಾಗೇ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ರೀತಿ. ಕ್ಯಾಲಿಫೋರ್ನಿಯಾದಲ್ಲಿ ಸ್ಪ್ರಿಂಕ್ಲರ್‌ಗೆ ಸಿ-16 ಅನ್ನುವ ಕಂಟ್ರಾಕ್ಟರ್ ಲೈಸೆನ್ಸ್, ಅಲಾರಂ ಎಲೆಕ್ಟ್ರಿಕಲ್ ಕೆಲಸದ ಸಿ-10ರಲ್ಲಿ ಬರುತ್ತದೆ. ಟೆಕ್ಸಸ್‌ನಲ್ಲಿ ರಾಜ್ಯದ ಫೈರ್ ಮಾರ್ಷಲ್ ಕಚೇರಿ ಲೈಸೆನ್ಸ್ ಕೊಡುತ್ತದೆ, ಕಂಪನಿಯ ಪರವಾಗಿ ಹೊಣೆ ಹೊರುವ ಒಬ್ಬ ವ್ಯಕ್ತಿಗೂ ಪ್ರತ್ಯೇಕ ಲೈಸೆನ್ಸ್ ಇರಬೇಕು. ತಂತ್ರಜ್ಞರ ಅರ್ಹತೆಗೆ ನೈಸೆಟ್ ಅನ್ನುವ ಸಂಸ್ಥೆಯ ನಾಲ್ಕು ಹಂತಗಳ ಪ್ರಮಾಣಪತ್ರ ಇದೆ. ಇಲ್ಲಿನ ಅಮೆರಿಕನ್ ಕಂಪನಿಗಳ ಆಫೀಸುಗಳು ಕೆಲವೊಮ್ಮೆ ಇದನ್ನು ಕೇಳುತ್ತವೆ. ಆದರೆ ನೈಸೆಟ್ ಇದೆ ಅಂತ ಇಲ್ಲಿನ ಸೂಪರ್‌ವೈಸರ್ ಪರ್ಮಿಟ್ ಬಿಡುವ ಹಾಗಿಲ್ಲ.

ಲೈಸೆನ್ಸ್ ಒಬ್ಬರದು, ಕೆಲಸ ಮಾಡುವುದು ಇನ್ನೊಬ್ಬರು. ಇದು ಸರಿನಾ?

ಸಬ್ ಕಂಟ್ರಾಕ್ಟ್ ಕೊಡುವುದು ತಪ್ಪಲ್ಲ. ಮುಚ್ಚಿಡುವುದು ತಪ್ಪು. ಲೈಸೆನ್ಸ್ ಇರುವವರು ಸೈಟ್‌ಗೆ ಕಾಲೇ ಇಡದೆ, ಪತ್ರದ ಝೆರಾಕ್ಸ್ ಮಾತ್ರ ಕೊಟ್ಟು ದುಡ್ಡು ತೆಗೆದುಕೊಳ್ಳುತ್ತಿದ್ದರೆ ಅದು ಲೈಸೆನ್ಸ್ ಬಾಡಿಗೆಗೆ ಬಿಟ್ಟ ಹಾಗೆ. ಅನಾಹುತ ಆದ ದಿನ ಮೇಲ್ವಿಚಾರಣೆ ಮಾಡಿದವರು ಯಾರು ಅನ್ನುವ ಪ್ರಶ್ನೆ ಬರುತ್ತದೆ. ಆಗ ಇಬ್ಬರೂ ಸಿಕ್ಕಿಬೀಳುತ್ತಾರೆ. ಹೊಸ ಹುಡುಗರಿಗೆ ನಾನು ಹೇಳುವುದು ಇಷ್ಟು: ಲೈಸೆನ್ಸ್ ಇರುವವರ ಕೈಕೆಳಗೆ ನಿಜವಾಗಿ ಕೆಲಸ ಮಾಡಿ, ಅವರನ್ನು ಪಾಲುದಾರರನ್ನಾಗಿ ಮಾಡಿಕೊಳ್ಳಿ. ಝೆರಾಕ್ಸ್ ನಂಬಿ ಕಟ್ಟಡದ ಹೊಣೆ ಹೊರಬೇಡಿ.

ತೋರಿಸಿದ ಪತ್ರ ಅಸಲಿಯಾ ಅಂತ ಹೇಗೆ ನೋಡುವುದು?

ಪತ್ರದಲ್ಲಿರುವ ಸಂಖ್ಯೆ ಹಿಡಿದು, ಕೊಟ್ಟ ಕಚೇರಿಯಲ್ಲೇ ವಿಚಾರಿಸಿ. ಎಲೆಕ್ಟ್ರಿಕಲ್ ಲೈಸೆನ್ಸ್ ಆದರೆ ವಿದ್ಯುತ್ ಪರಿವೀಕ್ಷಣಾಲಯ. ಅಗ್ನಿಶಾಮಕ ಇಲಾಖೆಯ ನೋಂದಣಿ, ಎಂಪ್ಯಾನೆಲ್‌ಮೆಂಟ್ (ಇಲಾಖೆಯ ಪಟ್ಟಿಯಲ್ಲಿ ಹೆಸರು) ಅಂತ ಯಾರಾದರೂ ಹೇಳಿದರೆ, ಹಲಸೂರು ಕೆರೆ ಕಡೆ ಅಣ್ಣಸ್ವಾಮಿ ಮೊದಲಿಯಾರ್ ರಸ್ತೆಯಲ್ಲಿ ಇಲಾಖೆಯ ಕೇಂದ್ರ ಕಚೇರಿ ಇದೆ. ಪತ್ರದ ಪ್ರತಿ ಹಿಡಿದು ಹೋಗಿ ಕೇಳಿ. ಜಿಎಸ್‌ಟಿ ಸಂಖ್ಯೆಯನ್ನು ಯಾರು ಬೇಕಾದರೂ ಪೋರ್ಟಲ್‌ನಲ್ಲಿ ಹಾಕಿ ನೋಡಬಹುದು. ನೋಂದಣಿ ಚಾಲ್ತಿಯಲ್ಲಿದೆಯಾ, ರದ್ದಾಗಿದೆಯಾ ಅಲ್ಲೇ ಗೊತ್ತಾಗುತ್ತದೆ. ಪತ್ರದಲ್ಲಿನ ಹೆಸರು, ಕೊಟೇಶನ್‌ನಲ್ಲಿನ ಹೆಸರು, ಬ್ಯಾಂಕ್ ಖಾತೆಯ ಹೆಸರು ಮೂರೂ ಒಂದೇ ಆಗಿರಬೇಕು.

ನಮ್ಮ ಅಪಾರ್ಟ್‌ಮೆಂಟ್‌ಗೆ ಎಎಂಸಿ (ವರ್ಷದ ನಿರ್ವಹಣಾ ಒಪ್ಪಂದ) ಕೊಡಬೇಕು. ಏನೇನು ನೋಡಲಿ?

ಪತ್ರಗಳನ್ನು ನೋಡಿದ ಮೇಲೆ ಅವರನ್ನು ಪಂಪ್ ರೂಮ್‌ಗೆ ಕರೆದುಕೊಂಡು ಹೋಗಿ. ಕೆಲಸ ಗೊತ್ತಿರುವವರು ಒಳಗೆ ಬಂದ ತಕ್ಷಣ ಪ್ಯಾನೆಲ್‌ನ ಸ್ವಿಚ್ ಕಡೆ ನೋಡುತ್ತಾರೆ. ಮೇನ್ ಪಂಪ್, ಡೀಸೆಲ್ ಪಂಪ್, ಲೈನ್‌ನ ಒತ್ತಡ ಕಾಯುವ ಸಣ್ಣ ಜಾಕಿ ಪಂಪ್ ಮೂರೂ ಆಟೋದಲ್ಲಿ ಇರಬೇಕು. ಜಾಕಿ ಪಂಪ್ ಪದೇ ಪದೇ ಆನ್ ಆಗುತ್ತಿದೆ ಅಂತ ಸೆಕ್ಯೂರಿಟಿಯವರು ಅದನ್ನು ಆಫ್ ಮಾಡಿ ಇಟ್ಟಿರುತ್ತಾರೆ. ಲೈನ್‌ನಲ್ಲಿ ಎಲ್ಲೋ ಸೋರುತ್ತಿದೆ ಅಂತ ಅದರ ಅರ್ಥ. ಸೋರುವುದನ್ನು ಹುಡುಕಬೇಕೇ ಹೊರತು ಪಂಪ್ ಆಫ್ ಮಾಡುವುದಲ್ಲ. ಆಮೇಲೆ ಅವರು ವಾಲ್ವ್‌ಗಳನ್ನು ಮುಟ್ಟಿ ನೋಡುತ್ತಾರೆ. ಸಂಪ್‌ನಲ್ಲಿ ಫೈರ್ ನೀರು ಎಷ್ಟಿದೆ ಅಂತ ಕೇಳುತ್ತಾರೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಪರದಾಡುವಾಗ ಫೈರ್ ಸಂಪ್‌ನ ನೀರನ್ನು ಮನೆಗಳಿಗೆ ತಿರುಗಿಸಿರುವ ಅಪಾರ್ಟ್‌ಮೆಂಟ್‌ಗಳಿವೆ. ಡೀಸೆಲ್ ಎಂಜಿನ್‌ನ ಬ್ಯಾಟರಿ, ಟ್ಯಾಂಕ್‌ನಲ್ಲಿ ಡೀಸೆಲ್ ಎರಡೂ ಕಣ್ಣಾರೆ ನೋಡಬೇಕು.

ಮುಂದೆ ಮೇಲಿನ ಫ್ಲೋರ್‌ಗೆ ಹೋಗಿ. ಸ್ಪ್ರಿಂಕ್ಲರ್ ಲೈನಿನ ಕೊನೆಯಲ್ಲಿ ಒಂದು ಟೆಸ್ಟ್ ವಾಲ್ವ್ ಇರುತ್ತದೆ. ಅದನ್ನು ತೆರೆದರೆ ಒಂದು ಹೆಡ್ ಒಡೆದಷ್ಟೇ ನೀರು ಹರಿಯುತ್ತದೆ. ಗಡಿಯಾರ ನೋಡಿ. ಅಲಾರಂಗೆ ಇರುವ ಅಮೆರಿಕದ ಮಾನಕ ಎನ್‌ಎಫ್‌ಪಿಎ 72ರ ಪ್ರಕಾರ 90 ಸೆಕೆಂಡ್ ಒಳಗೆ ಅಲಾರಂ ಬರಬೇಕು. ಅದೇ ಹೊತ್ತಿಗೆ ಕೆಳಗೆ ಪಂಪ್ ತಾನಾಗೇ ಶುರುವಾಗಬೇಕು. ಒಬ್ಬರು ಮೇಲೆ, ಒಬ್ಬರು ಪಂಪ್ ರೂಮ್‌ನಲ್ಲಿ ನಿಂತು ಫೋನ್‌ನಲ್ಲಿ ಮಾತಾಡಿಕೊಂಡರೆ ಸಾಕು. ಈ ಟೆಸ್ಟ್‌ಗೆ "ಇವತ್ತು ಬೇಡ ಸಾರ್, ಇನ್ನೊಂದ್ ದಿನ ಮಾಡೋಣ" ಅನ್ನುವ ಕಂಟ್ರಾಕ್ಟರ್‌ಗೆ ಎಎಂಸಿ ಕೊಡಬೇಡಿ.

ವರ್ಷಕ್ಕೊಮ್ಮೆ ಪಂಪ್‌ನ ಪೂರ್ತಿ ಟೆಸ್ಟ್ ಕೂಡ ಒಪ್ಪಂದದಲ್ಲಿ ಸೇರಿಸಿ. ಒಳ್ಳೆಯ ಫೈರ್ ಪಂಪ್ ತನ್ನ ನಿಗದಿತ ನೀರಿನ ಶೇಕಡಾ 150ರಷ್ಟು ಹರಿಸುವಾಗಲೂ ನಿಗದಿತ ಒತ್ತಡದ ಶೇಕಡಾ 65ಕ್ಕೆ ಕಡಿಮೆಯಿಲ್ಲದಷ್ಟು ಒತ್ತಡ ಕೊಡಬೇಕು.

ಹೊಸ ಅಪಾರ್ಟ್‌ಮೆಂಟ್. ಸಿಸ್ಟಂ ಕೆಲಸವೇ ಮಾಡುತ್ತಿಲ್ಲ. ರಿಪೇರಿ ಖರ್ಚು ನಾವೇ ಕೊಡಬೇಕಾ?

2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಲ್ಲಿ, ಮನೆ ಕೈಗೆ ಬಂದ 5 ವರ್ಷದೊಳಗೆ ಕೆಲಸದ ಗುಣಮಟ್ಟದಲ್ಲಿ ದೋಷ ಕಂಡರೆ ಬಿಲ್ಡರ್ 30 ದಿನದೊಳಗೆ ಖರ್ಚಿಲ್ಲದೆ ಸರಿಮಾಡಿಕೊಡಬೇಕು. ಬರವಣಿಗೆಯಲ್ಲಿ ದೂರು ಕೊಡಿ, ಫೋಟೋ ಇಡಿ. ಮಧ್ಯದಲ್ಲಿ ಬೇರೆಯವರ ಕೈಲಿ ಸಿಸ್ಟಂ ಬಿಚ್ಚಿಸಿದರೆ "ನೀವೇ ಹಾಳು ಮಾಡಿದ್ದು" ಅನ್ನುವ ಮಾತು ಬರುತ್ತದೆ. ಅದಕ್ಕೇ ಬಿಚ್ಚುವ ಮುಂಚೆ ದೂರು ಹೋಗಿರಲಿ.

ಬೆಂಕಿ ಬಿದ್ದಾಗ ಸಿಸ್ಟಂ ಕೈಕೊಟ್ಟರೆ ಹೊಣೆ ಯಾರದು? ಕಂಟ್ರಾಕ್ಟರ್‌ದೇ ಅಲ್ವಾ?

ಅವರದೊಂದೇ ಅಲ್ಲ. ಕಟ್ಟಡದ ಮಾಲೀಕರು, ಅಲ್ಲಿ ಇರುವವರು, ನಿರ್ವಹಣೆ ಮಾಡುವವರು ಎಲ್ಲರನ್ನೂ ಕೇಳುತ್ತಾರೆ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅನ್ವಯಿಸಬಹುದು. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡಕ್ಕೆ ಬೆಂಕಿ ಬಿದ್ದು 9 ಜನ ಸತ್ತರು. ಬೆಂಕಿಗಿಂತ ಹೊಗೆ ಜನರನ್ನು ಕೊಂದಿತು. ಅಲ್ಲಿ ತಮ್ಮವರನ್ನು ಕಳೆದುಕೊಂಡವರು ಸೇರಿ ಬಿಯಾಂಡ್ ಕಾರ್ಲ್‌ಟನ್ ಅನ್ನುವ ಸಂಸ್ಥೆ ಕಟ್ಟಿ, ಇವತ್ತಿಗೂ ಅಗ್ನಿ ಸುರಕ್ಷತೆಗೆ ದುಡಿಯುತ್ತಿದ್ದಾರೆ. ಹೊಗೆ ಬಂದ ಮೊದಲ ನಿಮಿಷದಲ್ಲೇ ಜನರಿಗೆ ಗೊತ್ತಾಗಬೇಕು, ಮೆಟ್ಟಿಲ ದಾರಿ ತೆರೆದಿರಬೇಕು. ಅಲಾರಂ ಕೂರಿಸುವವರ ಅರ್ಹತೆ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ. "ಸುಮ್ನೆ ಹೊಡೀತಾ ಇರುತ್ತೆ" ಅಂತ ಹೂಟರ್ ಸೈಲೆಂಟ್ ಮಾಡಿಟ್ಟ ಪ್ಯಾನೆಲ್ ನಿಮ್ಮ ಕಟ್ಟಡದಲ್ಲಿದ್ದರೆ ಇವತ್ತೇ ಸರಿಮಾಡಿಸಿ. ಬೆಂಕಿ ಕಂಡರೆ ಮೊದಲು 101 ಅಥವಾ 112ಕ್ಕೆ ಕರೆ ಮಾಡಿ, ಆಮೇಲೆ ಕಂಟ್ರಾಕ್ಟರ್‌ಗೆ.

ಈ ಕೆಲಸ ಕಲಿಯಲು ಯಾವ ಓದು ಬೇಕು?

ಐಟಿಐನಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್, ವೆಲ್ಡರ್ ಮಾಡಿದವರಿಗೆ ಇಲ್ಲಿ ಕೆಲಸಕ್ಕೆ ಬರವಿಲ್ಲ. ಎಲೆಕ್ಟ್ರಿಷಿಯನ್ ಮಾಡಿದವರು ವೈರ್‌ಮನ್ ಪರ್ಮಿಟ್, ಅಲ್ಲಿಂದ ಸೂಪರ್‌ವೈಸರ್ ಪರ್ಮಿಟ್ ಕಡೆಗೆ ಹೋಗಬಹುದು. ಫೈರ್ ಎಂಜಿನಿಯರಿಂಗ್ ಪದವಿಗೆ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಇದೆ. ಬನ್ನೇರುಘಟ್ಟ ರಸ್ತೆಯಲ್ಲಿ ಇಲಾಖೆಯದೇ ಆರ್.ಎ. ಮುಂಡ್ಕೂರ್ ಅಕಾಡೆಮಿ ಇದೆ. ಹುಡುಗರಿಗೆ ನನ್ನ ಸಲಹೆ: ಡ್ರಾಯಿಂಗ್ ಓದುವುದನ್ನು ಮೊದಲ ವರ್ಷವೇ ಕಲಿಯಿರಿ. ಪೈಪ್ ಹೊರುವವರಿಗೂ ಸೈಟ್ ಇನ್‌ಚಾರ್ಜ್‌ಗೂ ಇರುವ ವ್ಯತ್ಯಾಸ ಬಹುಪಾಲು ಅದೇ.

ಕೆಲಸ ಮುಗಿದ ಮೇಲೆ ಕಂಟ್ರಾಕ್ಟರ್ ಕೈಯಿಂದ ಏನೇನು ತೆಗೆದುಕೊಳ್ಳಬೇಕು?

ಹಾಕಿದ್ದು ಹಾಕಿದ ಹಾಗೆ ತೋರಿಸುವ ಆಸ್-ಬಿಲ್ಟ್ ಡ್ರಾಯಿಂಗ್. ಪೈಪ್‌ನ ಪ್ರೆಶರ್ ಟೆಸ್ಟ್ ವರದಿ. ಪಂಪ್‌ನ ಟೆಸ್ಟ್ ವರದಿ. ಯಾವ ಡಿಟೆಕ್ಟರ್ ಹೊಡೆದರೆ ಯಾವ ಲಿಫ್ಟ್, ಯಾವ ಫ್ಯಾನ್ ಏನು ಮಾಡಬೇಕು ಅನ್ನುವ ಪಟ್ಟಿ. ಹೆಡ್ಡು, ಡಿಟೆಕ್ಟರು, ವಾಲ್ವ್‌ಗಳ ಬಿಲ್ಲು ಮತ್ತು ಟೆಸ್ಟ್ ಸರ್ಟಿಫಿಕೇಟ್. ಬಿಡಿ ಹೆಡ್‌ಗಳ ಡಬ್ಬಿ, ಅದನ್ನು ಬಿಚ್ಚುವ ಸ್ಪ್ಯಾನರ್ ಸಮೇತ. ಕೆಲಸ ಮಾಡಿದವರ ಪರ್ಮಿಟ್ ಪ್ರತಿಗಳು.

ಇದರ ಜೊತೆಗೆ ಅಲಾರಂ ಪ್ಯಾನೆಲ್‌ನ ಪಾಸ್‌ವರ್ಡ್ ಮತ್ತು ಪ್ರೋಗ್ರಾಂನ ಬ್ಯಾಕಪ್ ಕೂಡ ಬೇಕು. ಇದನ್ನು ಕೊಡದೆ ಹೋಗುವವರಿದ್ದಾರೆ. ಆಮೇಲೆ ಒಂದು ಡಿಟೆಕ್ಟರ್ ಹೆಸರು ಬದಲಾಯಿಸಬೇಕೆಂದರೂ ಅವರನ್ನೇ ಕರೆಯಬೇಕು, ಅವರು ಹೇಳಿದಷ್ಟು ಕೊಡಬೇಕು. ವರ್ಕ್ ಆರ್ಡರ್‌ನಲ್ಲೇ ಒಂದು ಸಾಲು ಬರೆದಿಡಿ. ಕೊನೆಯ ಬಿಲ್ ಪಾಸ್ ಮಾಡುವ ಮುಂಚೆ, ಆ ಪಾಸ್‌ವರ್ಡ್ ಅನ್ನು ನೀವೇ ಒತ್ತಿ ಪ್ಯಾನೆಲ್ ತೆರೆದುಕೊಳ್ಳುತ್ತದಾ ನೋಡಿ.